ಅರ್ಧ ಕಿಲೊ ಮಾಂಸ ಮತ್ತು ಕನ್ನಡದ ಅಡುಗೆ ಪುಟ

ಕನ್ನಡದಲ್ಲಿ ಕಥೆ, ಕವಿತೆ, ನಾಟಕ, ಸಿನಿಮಾಗಳಿಗೆಲ್ಲ ವಿಮರ್ಶೆಯಿದೆ. ಇಲ್ಲದಿರುವುದು ಅಡುಗೆ ಬರಹಕ್ಕೆ ಮಾತ್ರ. ಮನೆಮನೆಯಲ್ಲೂ ಕತ್ತರಿಸಿ ಇಟ್ಟುಕೊಳ್ಳುವ ಈ ಬರಹವನ್ನು ನಮ್ಮ ವಿಮರ್ಶಕರು ಬರಹವೆಂದೇ ಎಣಿಸಿಲ್ಲ. ಆದರೆ ಅಡುಗೆ ವಿಧಾನವೂ ತನ್ನ ಓದುಗರನ್ನು ಕಲ್ಪಿಸಿಕೊಂಡೇ ಹುಟ್ಟುತ್ತದೆ. ಆ ಓದುಗರ ಮನೆಯಲ್ಲಿ ಎಷ್ಟು ಜನ, ಒಲೆ ಯಾವುದು, ಕೈಯಲ್ಲಿ ಎಷ್ಟು ದುಡ್ಡಿದೆ ಎಂಬುದನ್ನು ಬರೆದವರು ಹೇಳದಿದ್ದರೂ ಬರಹ ಹೇಳಿಬಿಡುತ್ತದೆ. ಕೆಂಡದಲ್ಲಿ ಸುಡುವ ಮಾಂಸದ ಬಗ್ಗೆ ನಮ್ಮ ಪತ್ರಿಕೆಗಳ ಅಡುಗೆ ಪುಟ, ಟಿವಿ ಅಡುಗೆಮನೆ ಮತ್ತು ಈಗಿನ ಮೊಬೈಲ್ ವಿಡಿಯೊ ಹೇಳಿಕೊಡುವುದನ್ನು ಈ ಕಣ್ಣಿನಿಂದ ಒಮ್ಮೆ ಓದಬೇಕು.

ಸಾಮಾನ್ಯವಾಗಿ ಪಟ್ಟಿ ಹೀಗಿರುತ್ತದೆ: ಮೂಳೆಯಿಲ್ಲದ ಮಾಂಸ ಒಂದು ಕಿಲೊ, ಕ್ರೀಮ್ ಒಂದು ಬಟ್ಟಲು, ಬೆಣ್ಣೆ, ಗೋಡಂಬಿ ಪೇಸ್ಟ್, ಆಲಿವ್ ಎಣ್ಣೆ. ಆಮೇಲೆ ‘ಓವನ್ನಿನಲ್ಲಿಡಿ’. ಕುರಿಮಾಂಸ ಕಿಲೊಗೆ 700 ರೂಪಾಯಿಯ ಆಸುಪಾಸಿನಲ್ಲಿರುವ ಈ ಹೊತ್ತಿನಲ್ಲಿ ಮೂಳೆಯಿಲ್ಲದ ಒಂದು ಕಿಲೊ ಬೇಕೆಂದರೆ ಮೂಳೆಸಹಿತ ಒಂದೂವರೆ ಕಿಲೊವಾದರೂ ಕೊಳ್ಳಬೇಕು. ಮಸಾಲೆಗೆ ಕೈ ಹಾಕುವ ಮೊದಲೇ ಸಾವಿರ ರೂಪಾಯಿ ಮುಗಿಯಿತು. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವರಿಗೂ, ಲಿಂಗಸುಗೂರಿನಲ್ಲಿ ಹಣ್ಣಿನ ಗಾಡಿ ತಳ್ಳುವವರಿಗೂ, ಮಸ್ಕಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೂ ಈ ಪುಟ ಬರೆದದ್ದಲ್ಲ. ಅವರ ಮನೆಗೆ ವಾರಕ್ಕೊಮ್ಮೆ ಬರುವುದು ಅರ್ಧ ಕಿಲೊ. ಆ ಅರ್ಧ ಕಿಲೊವನ್ನು ಕುರಿತ ಬರಹವೇ ನಮ್ಮಲ್ಲಿ ಅಪರೂಪ.

ಈ ಮೂರು ಊರುಗಳನ್ನು ಹೆಸರಿಸಿದ್ದಕ್ಕೆ ಕಾರಣವಿದೆ. ಮಾಂಸಕ್ಕೆಂದೇ ಹೆಸರಾದ ಕೆಂಗುರಿ ತಳಿಯ ಸೀಮೆ ಇದು. ತೆಂಗುರಿ ಎಂದೂ ಕರೆಯುವ ಈ ಕಂದುಗೆಂಪು ಬಣ್ಣದ ಕುರಿಯ ತವರು ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು ಮತ್ತು ಪಕ್ಕದ ಗಂಗಾವತಿಯ ಭಾಗ. ಸುಡಲು ಬೇಕಾದ ಇದ್ದಿಲಿಗೂ ಇಲ್ಲಿ ಬರವಿಲ್ಲ. ಹಳ್ಳದ ದಂಡೆ, ಬೀಳುಭೂಮಿ ಎಲ್ಲೆಡೆ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಭಗ್ಗೆಂದು ಉರಿದು ಬೂದಿಯಾದರೆ ಜಾಲಿ ಗಟ್ಟಿ ಕೆಂಡವಾಗಿ ಬಹಳ ಹೊತ್ತು ನಿಲ್ಲುತ್ತದೆ. ಕುರಿ ಇಲ್ಲಿಯದು, ಕೆಂಡ ಇಲ್ಲಿಯದು, ಅವನ್ನು ಬಳಸುವ ಜಾಣ್ಮೆಯೂ ಇಲ್ಲಿಯದು. ಅಚ್ಚಾದ ವಿಧಾನ ಮಾತ್ರ ಎಲ್ಲಿಯದೋ.

ಈ ಮೌನ ಮೊದಲಿನಿಂದಲೂ ಇತ್ತೆ? 1130ರ ಆಸುಪಾಸಿನಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಾಂಸದ ತುಂಡುಗಳನ್ನು ಶೂಲಕ್ಕೆ ಚುಚ್ಚಿ ಕೆಂಡದ ಮೇಲೆ ಸುಡುವ ಬಗೆಯ ವರ್ಣನೆಯಿದೆ. ಶೀಖ್ ಕಬಾಬ್ ಹೊರಗಿನಿಂದ ಬಂದದ್ದು ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಹೆಸರು ಬಂದಿರಬಹುದು, ಕಡ್ಡಿಗೆ ಚುಚ್ಚಿ ಸುಡುವ ಕೆಲಸ ಈ ನೆಲಕ್ಕೆ ಹೊಸದಲ್ಲ. ಆದರೆ ಕನ್ನಡದ ಹಳೆಯ ಪಾಕಗ್ರಂಥಗಳಿಗೆ ಬಂದಾಗ ಮಾಂಸ ಮಾಯವಾಗುತ್ತದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ ಪೂರ್ತಿ ಸಸ್ಯಾಹಾರದ ಕೃತಿ. ಮಂಗರಸ ಜೈನ, ಅದು ಆತನ ಧರ್ಮಕ್ಕೆ ತಕ್ಕ ಆಯ್ಕೆ, ದೂರುವಂತಿಲ್ಲ. ದೂರಬೇಕಾದದ್ದು ಒಂದು ಸಮುದಾಯದ ತಟ್ಟೆಯನ್ನೇ ಇಡೀ ನಾಡಿನ ತಟ್ಟೆ ಎಂದು ನಂಬಿದ ಆಮೇಲಿನವರನ್ನು.

ಮಸ್ಕಿಯ ಹೆಸರು ಬಂದಲ್ಲಿ ಅಶೋಕನೂ ಬರುತ್ತಾನೆ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಿಂದಲೇ ‘ದೇವಾನಾಂಪ್ರಿಯ’ ಎಂಬಾತ ಅಶೋಕನೆಂಬುದು ಖಚಿತವಾಯಿತು. ಪ್ರಾಣಿವಧೆಯ ಮಾತು ಇರುವುದು ಮಸ್ಕಿಯ ಬಂಡೆಯಲ್ಲಲ್ಲ, ಅವನ ಮೊದಲನೆಯ ದೊಡ್ಡ ಶಿಲಾಶಾಸನದಲ್ಲಿ. ಅಲ್ಲಿ ಒಂದು ಅಪರೂಪದ ಲೆಕ್ಕವಿದೆ: ಹಿಂದೆ ಅರಮನೆಯ ಅಡುಗೆಗೆ ಲಕ್ಷಗಟ್ಟಲೆ ಪ್ರಾಣಿಗಳು ಬಲಿಯಾಗುತ್ತಿದ್ದವು, ಈಗ ದಿನಕ್ಕೆ ಎರಡು ನವಿಲು, ಒಂದು ಜಿಂಕೆ, ಅದೂ ಪ್ರತಿದಿನ ಜಿಂಕೆಯಿಲ್ಲ, ಮುಂದೆ ಇವೂ ಇರುವುದಿಲ್ಲ ಎಂದು ಚಕ್ರವರ್ತಿ ತನ್ನ ಅಡುಗೆಮನೆಯ ಲೆಕ್ಕವನ್ನು ಪ್ರಜೆಗಳ ಮುಂದಿಟ್ಟಿದ್ದಾನೆ. ನಮ್ಮ ಅಡುಗೆ ಪುಟಕ್ಕೆ ಈ ಮಟ್ಟಿನ ಲೆಕ್ಕವೂ ಬೇಕಿಲ್ಲ. ‘ಬೇಕಾಗುವ ಸಾಮಗ್ರಿ’ ಎಂಬ ತಲೆಬರಹದ ಕೆಳಗೆ ಬೆಲೆ ಬರೆದ ಪುಟ ಎಷ್ಟಿವೆ?

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮುನ್ನ ಮಾಂಸಾಹಾರವನ್ನು ಮದ್ಯ, ತಂಬಾಕಿನ ಸಾಲಿನಲ್ಲಿಟ್ಟು ನಿಷೇಧಿಸಿದ ಸೂಚನೆ ಹೊರಬಿದ್ದು, ಬಾಡೂಟ ಬೇಕೆಂಬ ಕೂಗು ಎದ್ದದ್ದು ನೆನಪಿರಬಹುದು. ಅಂದು ಕೂಗೆದ್ದದ್ದು ಒಳ್ಳೆಯದೇ ಆಯಿತು. ಆದರೆ ವಾದವೆಲ್ಲ ಹಬ್ಬದೂಟದ ಬಗ್ಗೆ ನಡೆಯಿತು. ದಿನದ ಊಟದಲ್ಲಿ, ಕಡಿಮೆ ದುಡ್ಡಿನಲ್ಲಿ, ಮಕ್ಕಳ ತಟ್ಟೆಗೆ ಮಾಂಸ ಹೇಗೆ ಬರಬೇಕು ಎಂಬ ಮಾತು ಅಲ್ಲಿಗೂ ತಲುಪಲಿಲ್ಲ.

ಟೀಕಿಸಿದವರು ಬೇರೆ ದಾರಿಯನ್ನೂ ತೋರಿಸಬೇಕಲ್ಲ. ಅರ್ಧ ಕಿಲೊದ ಬರಹ ಮೊದಲು ‘ಏಕೆ’ ಎಂಬುದನ್ನು ಹೇಳಿಕೊಡಬೇಕು. ಕುರಿಯ ಕಾಲು, ಕುತ್ತಿಗೆಯಂಥ ಹೆಚ್ಚು ದುಡಿದ ಭಾಗದಲ್ಲಿ ನಾರು ಜಾಸ್ತಿ. ನೇರ ಕೆಂಡಕ್ಕೆ ಹಿಡಿದರೆ ಅದು ತೊಗಲಿನಂತಾಗುತ್ತದೆ. ಅದಕ್ಕೇ ಮನೆಯ ಹಿರಿಯರು ಅದನ್ನು ಜಜ್ಜುತ್ತಾರೆ, ಕೊಚ್ಚುತ್ತಾರೆ, ಹಸಿ ಪಪ್ಪಾಯಿ ಅರೆದು ಹಚ್ಚುತ್ತಾರೆ. ಪಪ್ಪಾಯಿಯ ಹಾಲಿನಲ್ಲಿರುವ ಪಪೇನ್ ನಾರನ್ನು ಸಡಿಲಿಸುತ್ತದೆ. ಅರ್ಧ ಕಿಲೊಗೆ ಒಂದು ಚಮಚ ಸಾಕು. ಹೆಚ್ಚಾದರೆ, ಇಲ್ಲವೇ ರಾತ್ರಿಯಿಡೀ ಬಿಟ್ಟರೆ, ಮಾಂಸ ಹಿಟ್ಟಿನಂತಾಗಿ ಕಡ್ಡಿಯಿಂದ ಜಾರುತ್ತದೆ. ಖೀಮಾ ಮಾಡಿಸುವಾಗ ಸ್ವಲ್ಪ ಕೊಬ್ಬನ್ನು ಉಳಿಸಲು ಅಂಗಡಿಯವನಿಗೆ ಹೇಳಬೇಕು; ಇಲ್ಲದಿದ್ದರೆ ಕಬಾಬ್ ಒಣಗುತ್ತದೆ, ಕ್ರೀಮ್‌ ಬೇಕೆನಿಸುವುದು ಆಗಲೇ. ಮಾಂಸ ಒಗ್ಗೂಡಲು ಪುಟಾಣಿ ಹಿಟ್ಟು ಎರಡು ಮೂರು ಚಮಚ. ಇನ್ನೂ ಹಿಗ್ಗಿಸಬೇಕೆಂದರೆ ನೂರು ಗ್ರಾಂ ಕಡಲೆಬೇಳೆಯನ್ನು ಖೀಮಾದೊಂದಿಗೆ ಬೇಯಿಸಿ, ಅರೆದು, ತಟ್ಟಿ, ರೊಟ್ಟಿ ಹಂಚಿನ ಮೇಲೆ ಸುಡಬಹುದು. ಅರ್ಧ ಕಿಲೊಗೆ ಇಪ್ಪತ್ತರ ಆಸುಪಾಸು ಸಣ್ಣ ಕಬಾಬ್ ಆಗುತ್ತವೆ. ಐದು ಜನರ ಮನೆಗೆ ತಲಾ ನಾಲ್ಕು. ಜೋಳದ ರೊಟ್ಟಿ, ಹೆಚ್ಚಿದ ಉಳ್ಳಾಗಡ್ಡಿ, ನಿಂಬೆ ಜೊತೆಗಿದ್ದರೆ ಅದೇ ಪೂರ್ತಿ ಊಟ.

ಇದ್ದಿಲೂ ದುಬಾರಿ ಎನಿಸಿದವರಿಗೆ ಹೈದರಾಬಾದಿ ಅಡುಗೆಮನೆಯ ಒಂದು ಉಪಾಯವಿದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಅದು ಪರಕೀಯವಲ್ಲ. ಬೆಂದ ಖೀಮಾದ ನಡುವೆ ಸಣ್ಣ ಬಟ್ಟಲಿಟ್ಟು, ಅದರಲ್ಲಿ ಒಂದೇ ಒಂದು ಕೆಂಡ ಹಾಕಿ, ಮೇಲೆ ನಾಲ್ಕು ಹನಿ ತುಪ್ಪ ಬಿಟ್ಟು, ಮುಚ್ಚಳ ಮುಚ್ಚಿಬಿಟ್ಟರೆ ಐದು ನಿಮಿಷದಲ್ಲಿ ಸುಟ್ಟ ಮಾಂಸದ ಘಮ ಇಡೀ ಪಾತ್ರೆಗೆ ಹತ್ತುತ್ತದೆ. ಎಚ್ಚರಿಕೆಯನ್ನೂ ಬರೆಯಬೇಕು. ಇದ್ದಿಲಿನ ಸಿಗಡಿಯನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಿದರೆ ಬಣ್ಣ, ವಾಸನೆಯಿಲ್ಲದ ವಿಷಾನಿಲ ಜೀವ ತೆಗೆಯಬಲ್ಲದು. ಅದಕ್ಕೆ ಅಂಗಳವೇ ಸರಿ. ಉರಿ ಇಳಿದು ಕೆಂಡದ ಮೇಲೆ ಬೂದಿ ಕಟ್ಟಿದ ಮೇಲಷ್ಟೇ ಸುಡಬೇಕು. ಕರಿಕಾದ ಭಾಗ ರುಚಿಯೂ ಅಲ್ಲ, ಆರೋಗ್ಯಕ್ಕೂ ಒಳ್ಳೆಯದಲ್ಲ.

‘ತಲಾ ನಾಲ್ಕು’ ಎಂದು ಸುಮ್ಮನೆ ಬರೆದದ್ದಲ್ಲ. ಕೆಂಡದ ಮುಂದೆ ಕೂತವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು. ಬಿಸಿಬಿಸಿ ತುಂಡು ಇಳಿದಂತೆಲ್ಲ ಗಂಡಸರಿಗೆ, ಅತಿಥಿಗಳಿಗೆ, ಗಂಡುಮಕ್ಕಳಿಗೆ ಹೋಗುತ್ತದೆ. ಕೊನೆಗೆ ಆಕೆಗೆ ಉಳಿಯುವುದು ಹೊಗೆ ಮತ್ತು ಮಸಾಲೆ ಅಂಟಿದ ತಟ್ಟೆ. ಸಾರಿನ ಪಾತ್ರೆಯಲ್ಲಿ ಯಾರಿಗೆ ಎಷ್ಟು ತುಂಡು ಹೋಯಿತೆಂಬುದು ಕಾಣುವುದಿಲ್ಲ. ಕಬಾಬನ್ನು ಎಣಿಸಬಹುದು. ಸುಡುವವಳ ನಾಲ್ಕನ್ನು ಮೊದಲೇ ತೆಗೆದಿಡಿ ಎಂಬ ಒಂದು ಸಾಲನ್ನು ವಿಧಾನದ ಕೊನೆಯಲ್ಲಿ ಬರೆಯಲು ಯಾವ ಪುಟಕ್ಕೂ ಜಾಗದ ಕೊರತೆಯಿಲ್ಲ. ಬಕ್ರೀದ್‌ನ ಮಾಂಸದಲ್ಲಿ ನೆಂಟರಿಗೆ, ಬಡವರಿಗೆ ಪಾಲು ತೆಗೆದಿಡುವ ನಮಗೆ ನಮ್ಮದೇ ಮನೆಯೊಳಗಿನ ಈ ಪಾಲು ಏಕೆ ಮರೆಯುತ್ತದೆ?

ಬಡವರ ಮಾಂಸದ ದಾರಿ ಈಗ ಇನ್ನಷ್ಟು ಕಿರಿದಾಗಿದೆ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ನಿಷೇಧ ಕಾಯ್ದೆ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನಷ್ಟೇ ಹೊರಗಿಟ್ಟಿತು. ಕುರಿಮಾಂಸ ಕೈಗೆಟುಕದ ಮುಸ್ಲಿಮರಿಗೂ ದಲಿತರಿಗೂ ಆಸರೆಯಾಗಿದ್ದ ಅಗ್ಗದ ಮಾಂಸಕ್ಕೆ ಕಾನೂನಿನ ಬೇಲಿ ಬಿದ್ದಿತು. ಉಪ್ಪು ಹಚ್ಚಿ, ಹಗ್ಗಕ್ಕೆ ಹಾಕಿ, ಬಿಸಿಲಲ್ಲಿ ಒಣಗಿಸಿ, ಬೇಕಾದಾಗ ಕೆಂಡದಲ್ಲಿ ಸುಟ್ಟು ರೊಟ್ಟಿಗೆ ನಂಜಿಕೊಳ್ಳುತ್ತಿದ್ದ ತುಂಡುಗಳ ಜ್ಞಾನ ಅದರೊಂದಿಗೇ ಮರೆಯಾಗುತ್ತಿದೆ. ನಮ್ಮಂತೆಯೇ ನಿಜಾಮರ ಸೀಮೆಯಾಗಿದ್ದ ಮರಾಠವಾಡದಲ್ಲಿ ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂಬ ಪುಸ್ತಕ ಬರೆದು ದಲಿತರ ಒಲೆಯ ಇಂಥ ಅಡುಗೆಯನ್ನು ದಾಖಲಿಸಿದರು. 2024ರಲ್ಲಿ ಅದು ಇಂಗ್ಲಿಷಿಗೂ ಬಂದಿದೆ. ಅಲ್ಲಿ ಅಡುಗೆಯ ವಿಧಾನದೊಂದಿಗೆ ಅದು ಯಾರ ಅಡುಗೆ, ಏಕೆ ಹಾಗಾಯಿತು ಎಂಬ ಕಥೆಯೂ ಇದೆ. ಗಡಿಯಾಚೆ ಆದದ್ದು ರಾಯಚೂರಿನ ದೋಆಬದಲ್ಲಿ ಏಕಾಗಬಾರದು?

ಅಡುಗೆ ಪುಟದ ಸಂಪಾದಕರಲ್ಲಿ ಕೇಳುವುದು ಇಷ್ಟೇ. ಸಾಮಗ್ರಿಯ ಪಕ್ಕದಲ್ಲಿ ಆ ವಾರದ ಬೆಲೆ ಬರೆಯಿರಿ. ‘ನಾಲ್ವರಿಗೆ’ ಎಂದರೆ ಒಬ್ಬರಿಗೆ ಎಷ್ಟು ಎಂದು ಹೇಳಿ. ಓವನ್ ಇಲ್ಲದ ಮನೆಗೂ ಒಂದು ದಾರಿ ಕೊಡಿ. ಬರೆಯಬಲ್ಲವರನ್ನು ದೂರ ಹುಡುಕಬೇಕಿಲ್ಲ. ಲಿಂಗಸುಗೂರಿನ, ಮಸ್ಕಿಯ, ಸಿಂಧನೂರಿನ ಓಣಿಗಳಲ್ಲಿ ಅರ್ಧ ಕಿಲೊವನ್ನು ಐದು ಜನಕ್ಕೆ ಹಂಚಿ ಗೊತ್ತಿರುವ ತಾಯಂದಿರಿದ್ದಾರೆ. ಅಕ್ಷರ ಬಾರದಿದ್ದರೆ ಅವರು ಹೇಳಲಿ, ಓದು ಬಲ್ಲ ಮಕ್ಕಳು ಬರೆದುಕೊಳ್ಳಲಿ. ಅಡುಗೆಯ ಹೆಸರಿನ ಕೆಳಗೆ ಆ ತಾಯಿಯ ಹೆಸರು ಅಚ್ಚಾಗಲಿ.