ಕಡತ ಹೊಸದಾದರೆ ದತ್ತವೂ ಹೊಸದೆ?

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಮೈಸೂರಿನಿಂದ ಮಡಿಕೇರಿಯತ್ತ ಹೋಗುವಾಗ ಕಾವೇರಿ ಸೇತುವೆಗೆ ಮುಂಚೆ ಸಿಗುವ ಊರು ಅದು. ಹೊಳೆ ದಾಟಿದರೆ ಕುಶಾಲನಗರ. 2016ರ ಒಂದು ಬೆಳಗ್ಗೆ ಅಲ್ಲಿನ ಹವ್ಯಾಸಿ ರೇಡಿಯೊ ಗೆಳೆಯರೊಬ್ಬರ ಮನೆಯ ತಾರಸಿಯ ಮೇಲೆ ನಾನು ಎಂಟು ಮಂದಿ ವಿದ್ಯಾರ್ಥಿಗಳೊಡನೆ ನಿಂತಿದ್ದೆ. ಕೈಯಲ್ಲಿ ಅಳತೆ ಟೇಪಿನಿಂದ ಮಾಡಿದ ಯಾಗಿ ಆಂಟೆನಾ, ಮುಂದೆ ಗಣಕ. ಗಣಕದ ಪರದೆಯ ಮೇಲೆ ನಮ್ಮದೇ ದೇಶದ ಹ್ಯಾಮ್‌ಸ್ಯಾಟ್ ಉಪಗ್ರಹ ಉದಯಿಸುವ ವೇಳೆ ಸೆಕೆಂಡಿನ ಲೆಕ್ಕದಲ್ಲಿ ಮೂಡಿತ್ತು. ‘ದತ್ತಾಂಶ ಇಂದು ನವೀಕರಿಸಲಾಗಿದೆ’ ಎಂಬ ಹಸಿರು ಅಕ್ಷರಗಳೂ ಇದ್ದವು. ಹನ್ನೆರಡು ನಿಮಿಷ ಆಕಾಶದ ಉದ್ದಕ್ಕೂ ಆಂಟೆನಾ ತಿರುಗಿಸಿದೆವು. ಕೇಳಿಸಿದ್ದು ಬರೀ ಗೊರಗೊರ ಸದ್ದು.

ತಪ್ಪು ನನ್ನದೇ. ಆ ಉಪಗ್ರಹ 2014ರ ಜುಲೈನಲ್ಲೇ ಬ್ಯಾಟರಿ ಕೆಟ್ಟು ಮೌನವಾಗಿತ್ತು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ ಅದನ್ನು ಕಾರ್ಟೊಸ್ಯಾಟ್-1ರ ಜೊತೆ ಮೇಲೇರಿಸಿತ್ತು. 42.5 ಕಿಲೋಗ್ರಾಂ ತೂಕ, ಎರಡು ಟ್ರಾನ್ಸ್‌ಪಾಂಡರ್. ಒಂದು ಭಾರತದ್ದು, ಇನ್ನೊಂದನ್ನು ರೂಪಿಸಿದವರು ನೆದರ್ಲೆಂಡ್ಸ್‌ನ ವಿಲಿಯಂ ಲೈಯೆನಾರ್. ಜಗತ್ತಿನ ಹ್ಯಾಮ್‌ಗಳು ಅದನ್ನು ವಿಒ-52 ಎಂದು ಕರೆದು ಒಂಬತ್ತು ವರ್ಷ ಬಳಸಿದರು. ಈಗ ಅದು ಮಾತನಾಡದ ಲೋಹದ ಪೆಟ್ಟಿಗೆ. ಆದರೆ ಪೆಟ್ಟಿಗೆ ಸುತ್ತುತ್ತಲೇ ಇರುವವರೆಗೆ ಅಮೆರಿಕದ ರೇಡಾರ್‌ಗಳು ಅದನ್ನು ಅಳೆಯುತ್ತವೆ, ಕ್ರಮಸಂಖ್ಯೆ 28650ರ ಅಡಿಯಲ್ಲಿ ಹೊಸ ದತ್ತಾಂಶ ಹೊರಬೀಳುತ್ತದೆ, ನಮ್ಮ ಗಣಕ ಅದನ್ನು ತಾನಾಗಿ ತಂದುಕೊಳ್ಳುತ್ತದೆ. ದತ್ತಾಂಶ ತಾಜಾ ಇತ್ತು, ಸುಳ್ಳಾಗಿರಲಿಲ್ಲ. ಉಪಗ್ರಹ ಸತ್ತಿದೆ ಎಂದು ಹೇಳುವ ಅಂಕಣ ಮಾತ್ರ ಅದರಲ್ಲಿ ಇಲ್ಲ.

ಈ ಸ್ವಯಂಚಾಲಿತ ನವೀಕರಣದ ಬಗ್ಗೆಯೇ ನನ್ನ ತಕರಾರು. ಅದು ಬೇಡವೆಂದು ನಾನು ಹೇಳುತ್ತಿಲ್ಲ. ಅದು ಏನನ್ನು ಮುಚ್ಚಿಡುತ್ತದೆ ಎಂಬುದನ್ನು ನೀವು ಗಮನಿಸಬೇಕು.

ಉಪಗ್ರಹದ ಕಕ್ಷೆಯನ್ನು ಕೆಲವೇ ಸಂಖ್ಯೆಗಳಲ್ಲಿ ಹಿಡಿದಿಡಬಹುದು: ಕಕ್ಷೆಯ ಓಲುವೆ, ಉತ್ಕೇಂದ್ರತೆ, ದಿನಕ್ಕೆ ಎಷ್ಟು ಸುತ್ತು, ಇತ್ಯಾದಿ. ಹ್ಯಾಮ್‌ಗಳು ಇವನ್ನು ಪ್ರೀತಿಯಿಂದ ‘ಕೆಪ್ಸ್’ ಎನ್ನುತ್ತಾರೆ, ಕೆಪ್ಲರ್‌ನ ನೆನಪಿಗೆ. ಇವೆಲ್ಲಕ್ಕೂ ಒಡೆಯನಂತಿರುವ ಸಂಖ್ಯೆ ಮತ್ತೊಂದಿದೆ. ಅದು ಎಪಾಕ್, ಅಂದರೆ ಉಳಿದ ಸಂಖ್ಯೆಗಳು ಯಾವ ಗಳಿಗೆಗೆ ನಿಜವೋ ಆ ಆಧಾರಕ್ಷಣ. ಪ್ರಸಿದ್ಧವಾದ ಎರಡು ಸಾಲಿನ ನಮೂನೆಯಲ್ಲಿ ಇದು ಮೊದಲ ಸಾಲಿನ 19ರಿಂದ 32ನೇ ಸ್ಥಾನಗಳಲ್ಲಿ ಕೂತಿರುತ್ತದೆ. ಅಲ್ಲಿ 14192.5 ಎಂದಿದ್ದರೆ 2014ನೇ ಇಸವಿಯ 192ನೇ ದಿನದ ಮಧ್ಯಾಹ್ನ ಎಂದರ್ಥ, ವಿಶ್ವವೇಳೆಯಲ್ಲಿ. ನಮ್ಮ ಗಡಿಯಾರಕ್ಕೆ ಅದು ಜುಲೈ 11ರ ಸಂಜೆ ಐದೂವರೆ. ಕಡತ ನಿಮ್ಮ ಗಣಕಕ್ಕೆ ಬಂದ ದಿನಕ್ಕೂ ಈ ಕ್ಷಣಕ್ಕೂ ಯಾವ ಸಂಬಂಧವೂ ಇರಬೇಕಿಲ್ಲ. ಹಾಲಿನ ಪೊಟ್ಟಣ ಅಂಗಡಿಗೆ ಇವತ್ತು ಬಂತು ಎಂಬ ಮಾತ್ರಕ್ಕೆ ಹಾಲು ಇವತ್ತಿನದಾಗುವುದಿಲ್ಲವಷ್ಟೆ.

ಹಿಂದೆ ಹೀಗೆ ಮೋಸಹೋಗುವುದು ಕಷ್ಟವಿತ್ತು. ನಾಸಾ ಅಂಚೆಯಲ್ಲಿ ಕಳಿಸುತ್ತಿದ್ದ ಹಾಳೆಗಳನ್ನು ನೋಡಿ ಸಂಖ್ಯೆಗಳನ್ನು ಕೈಯಾರೆ ಒತ್ತಬೇಕಿತ್ತು. ಆಧಾರಕ್ಷಣ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. 1985ರಲ್ಲಿ ಟಿ.ಎಸ್. ಕೆಲ್ಸೊ ಅವರು ಆರಂಭಿಸಿದ ಸೆಲೆಸ್‌ಟ್ರ್ಯಾಕ್ ಮೊದಲಿಗೆ ದೂರವಾಣಿಯ ಮೂಲಕ ತಲುಪುವ ಬುಲೆಟಿನ್ ಬೋರ್ಡ್ ಆಗಿತ್ತು. ಅದೇ ಕಾಲಕ್ಕೆ ಹ್ಯಾಮ್‌ಗಳು ಪ್ಯಾಕೆಟ್ ರೇಡಿಯೊ ಮೂಲಕ ತಮ್ಮದೇ ಬೋರ್ಡ್‌ಗಳನ್ನು ಕಟ್ಟಿದರು. ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಸಂದೇಶಗಳು ರೇಡಿಯೊ ಅಲೆಗಳಲ್ಲೇ ಸಾಗುತ್ತಿದ್ದವು. ವಾರಕ್ಕೊಮ್ಮೆ ಬರುವ ಕೆಪ್ಸ್ ಸಂದೇಶವನ್ನು ಗುರುತಿಸಿ, ಸಂಖ್ಯೆಗಳನ್ನು ಕಿತ್ತು, ಬೋರ್ಡಿನ ಉಪಗ್ರಹ ಕಡತದಲ್ಲಿ ತಾನೇ ಕೂರಿಸುವ ಪುಟ್ಟ ಕ್ರಮವಿಧಿಗಳೂ ಹುಟ್ಟಿಕೊಂಡವು. ನಡುರಾತ್ರಿ ಮನೆಯವರೆಲ್ಲ ಮಲಗಿರುವಾಗ ಕೆಲಸ ಮುಗಿಸುವ ಇಂಥ ಸೇವಕನನ್ನು ಯಾರು ತಾನೆ ಬೇಡವೆಂದಾರು?

ಆದರೆ ಸೇವಕ ಓದು ಬಾರದವ. ಕೊನೆಗೆ ಬಂದ ಸಂದೇಶವೇ ಹೊಸತು ಎಂದು ನಂಬುವ ಕ್ರಮವಿಧಿಗೆ, ದಾರಿಯಲ್ಲಿ ತಡವಾಗಿ ಬಂದ ಹಳೆಯ ಸಂದೇಶ ಹೊಸ ಸಂಖ್ಯೆಗಳನ್ನು ಅಳಿಸಿಹಾಕಿದರೂ ತಿಳಿಯುವುದಿಲ್ಲ. ಬೋರ್ಡ್‌ಗಳ ಕಾಲ ಬಹುಮಟ್ಟಿಗೆ ಮುಗಿದಿದೆ, ಅಂತರಜಾಲ ಬಂದಿದೆ; ಈ ಗುಣ ಮಾತ್ರ ಹಾಗೆಯೇ ಉಳಿದಿದೆ. ಜಾಲತಾಣ ಕೈಕೊಟ್ಟ ದಿನ ‘ಪುಟ ಸಿಗಲಿಲ್ಲ’ ಎಂಬ ಕ್ಷಮಾಪಣೆಯ ಪುಟವನ್ನೇ ತಂದು ಒಳ್ಳೆಯ ದತ್ತಾಂಶದ ಮೇಲೆ ಬರೆದುಬಿಡುವ ತಂತ್ರಾಂಶವನ್ನು ನಾನು ಬಳಸಿದ್ದೇನೆ. ಪ್ರತಿ ಸಾಲಿನ 69ನೇ ಸ್ಥಾನದಲ್ಲಿ ಒಂದು ತಪಾಸಣೆ ಅಂಕೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಸಾಲಿನ ಅಂಕೆಗಳನ್ನೆಲ್ಲ ಕೂಡಿ, ಕಳೆಯುವ ಚಿಹ್ನೆಗೆ ಒಂದೆಂದು ಎಣಿಸಿ, ಮೊತ್ತದ ಬಿಡಿ ಸ್ಥಾನವನ್ನು ಅಲ್ಲಿ ಬರೆದಿರುತ್ತಾರೆ. ಎರಡು ಅಂಕೆ ಅದಲುಬದಲಾದರೆ ಅದಕ್ಕೆ ಗೊತ್ತಾಗದು. ಹಳೆಯ ಸಾಲು ಬಂದರಂತೂ ಅದು ಒಪ್ಪಿಯೇ ಒಪ್ಪುತ್ತದೆ.

ಸಂಖ್ಯೆಗಳು ಹಳೆಯದಾದರೆ ಏನಾಗುತ್ತದೆ? ಹ್ಯಾಮ್‌ಸ್ಯಾಟ್ ಇದ್ದುದು ಸುಮಾರು 620 ಕಿಲೋಮೀಟರ್ ಎತ್ತರದಲ್ಲಿ, ವೇಗ ಸೆಕೆಂಡಿಗೆ 7.5 ಕಿಲೋಮೀಟರ್. ಅಷ್ಟು ಎತ್ತರದಲ್ಲಿ ಗಾಳಿಯ ಎಳೆತ ಕಡಿಮೆಯಾದ್ದರಿಂದ ಒಂದೆರಡು ವಾರದ ದತ್ತಾಂಶವೂ ನಡೆಯುತ್ತಿತ್ತು. ನೆತ್ತಿಯ ಮೇಲೆ ಹಾಯುವಾಗ ಅದು ಸೆಕೆಂಡಿಗೆ ಸುಮಾರು 0.7 ಡಿಗ್ರಿ ಸರಿಯುತ್ತದೆ. 10 ಸೆಕೆಂಡು ತಪ್ಪಿದರೆ 7 ಡಿಗ್ರಿ. ಸಣ್ಣ ಯಾಗಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಡಾಪ್ಲರ್ ಪರಿಣಾಮ ಇಷ್ಟು ಉದಾರಿಯಲ್ಲ. 435 ಮೆಗಾಹರ್ಟ್ಸ್‌ನಲ್ಲಿ ಕೇಳಿ 145ರಲ್ಲಿ ಮರುನುಡಿಯುವ, ಆವೃತ್ತಿಗಳ ಕ್ರಮವನ್ನು ತಿರುಗಿಸುವ ಆ ಟ್ರಾನ್ಸ್‌ಪಾಂಡರಿನಲ್ಲಿ ಎರಡು ಪಲ್ಲಟಗಳು ಭಾಗಶಃ ರದ್ದಾದ ಮೇಲೂ ನೆತ್ತಿಯ ಬಳಿ ಆವೃತ್ತಿ ಸೆಕೆಂಡಿಗೆ 80 ಹರ್ಟ್ಸ್‌ನಷ್ಟು ಜಾರುತ್ತದೆ. ಗಣಕವೇ ರೇಡಿಯೊ ತಿರುಗಿಸುತ್ತಿದ್ದರೆ 10 ಸೆಕೆಂಡಿನ ತಪ್ಪು 800 ಹರ್ಟ್ಸ್ ಆಗಿ, ಆ ಬದಿಯವರ ಮಾತು ಬಾತುಕೋಳಿಯ ಕೂಗಾಗುತ್ತದೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕತೆ ಇನ್ನೂ ಬೇರೆ. ಅದು ಸುಮಾರು 420 ಕಿಲೋಮೀಟರ್ ಎತ್ತರದಲ್ಲಿದೆ, ಗಾಳಿಯ ಎಳೆತಕ್ಕೆ ಕೆಳಗಿಳಿಯುತ್ತಿರುತ್ತದೆ, ಆಗಾಗ ಎಂಜಿನ್ ಉರಿಸಿ ಅದನ್ನು ಮೇಲೆತ್ತುತ್ತಾರೆ. ವೇಗಕ್ಕೆ ಸೆಕೆಂಡಿಗೆ ಒಂದೇ ಒಂದು ಮೀಟರ್ ಸೇರಿಸಿದರೆಂದು ಇಟ್ಟುಕೊಳ್ಳಿ. ಕಕ್ಷೆಯ ಅರ್ಧ ದೀರ್ಘಾಕ್ಷ ಸುಮಾರು 1.8 ಕಿಲೋಮೀಟರ್ ಹಿಗ್ಗಿ, ಪ್ರತಿ ಸುತ್ತಿಗೆ ಎರಡು ಸೆಕೆಂಡು ಹೆಚ್ಚು ಹಿಡಿಯುತ್ತದೆ. ದಿನಕ್ಕೆ ಹದಿನೈದೂವರೆ ಸುತ್ತು. ಮರುದಿನ ಕೊಪ್ಪದ ದಿಗಂತಕ್ಕೆ ಅದು ಅರ್ಧ ನಿಮಿಷ ತಡವಾಗಿ ಬರುತ್ತದೆ! ಒಂದು ದಿನವಷ್ಟೇ ಹಳೆಯ ದತ್ತಾಂಶ ಇಲ್ಲಿ ಹಳಸಿದ್ದು. 2024ರ ಮೇ 10-11ರ ಭೂಕಾಂತ ಬಿರುಗಾಳಿ, ಲಡಾಖಿನ ಹಾನ್ಲೆಯಲ್ಲೂ ಕೆಂಪು ಬೆಳಕು ಮೂಡಿಸಿತಲ್ಲ, ಆಗ ಮೇಲಿನ ವಾತಾವರಣ ಹಿಗ್ಗಿ ಕೆಳಕಕ್ಷೆಯ ಉಪಗ್ರಹಗಳಿಗೆಲ್ಲ ಎಳೆತ ಹೆಚ್ಚಿತ್ತು. ಹಾಗೆಂದು ನಿಮಿಷಕ್ಕೊಮ್ಮೆ ಜಾಲತಾಣದ ಬಾಗಿಲು ಬಡಿಯುವ ತಂತ್ರಾಂಶಗಳಿಗೂ ನನ್ನ ಒಪ್ಪಿಗೆಯಿಲ್ಲ. ಸೆಲೆಸ್‌ಟ್ರ್ಯಾಕ್ ತಾನೇ ಹೊಸ ದತ್ತಾಂಶಕ್ಕಾಗಿ ನೋಡುವುದು ಎರಡು ಗಂಟೆಗೊಮ್ಮೆ. ಅದಕ್ಕಿಂತ ಬೇಗ ಕೇಳಿದರೆ ಸಿಗುವುದು ಅದೇ ಕಡತ, ಬೇರೆಯವರಿಗೆ ತೊಂದರೆ.

ಇನ್ನು ಹೆಸರಿನ ಸಮಸ್ಯೆ. 2018ರ ಡಿಸೆಂಬರ್ 3ರಂದು ಕ್ಯಾಲಿಫೋರ್ನಿಯಾದಿಂದ ಹೊರಟ ಒಂದು ಫಾಲ್ಕನ್-9 ರಾಕೆಟ್ ಒಟ್ಟಿಗೆ 64 ಉಪಗ್ರಹಗಳನ್ನು ಬಿಟ್ಟಿತು. ಅದರಲ್ಲಿ ಭಾರತದ ಖಾಸಗಿ ಸಂಸ್ಥೆಯೊಂದರ ಎಕ್ಸೀಡ್‌ಸ್ಯಾಟ್-1 ಕೂಡ ಇತ್ತು. ಹ್ಯಾಮ್‌ಗಳಿಗೆ ಅದು ವಿಒ-96. ರೇಡಾರಿಗೆ ಕಾಣುವುದು ಚುಕ್ಕೆಗಳು ಮಾತ್ರ, ಯಾವ ಚುಕ್ಕೆ ಯಾರದೆಂದು ಅದು ಹೇಳುವುದಿಲ್ಲ. ಇಂಥ ದಿನಗಳಲ್ಲಿ ನಿಖರವಾದ, ತಾಜಾ ಸಂಖ್ಯೆಗಳು ಪಕ್ಕದ ಮನೆಯವನ ಉಪಗ್ರಹದ್ದಾಗಿರಬಹುದು. ಅದನ್ನು ಬಿಡಿಸುವುದು ನೆಲದ ಮೇಲೆ ಕೂತು ಡಾಪ್ಲರ್ ಇಳಿಜಾರನ್ನು ಅಳೆಯುವವರೇ. ಎರಡು ಚುಕ್ಕೆಗಳ ನಡುವೆ ಅರ್ಧ ನಿಮಿಷದ ಅಂತರವಿದ್ದರೆ ಕೊಪ್ಪದ ತಾರಸಿಯಿಂದಲೂ ಇದು ಸಾಧ್ಯ. ಆವೃತ್ತಿ ಅತಿ ವೇಗವಾಗಿ ಜಾರಿದ ಗಳಿಗೆಯನ್ನು ಬರೆದಿಟ್ಟುಕೊಂಡರೆ ಸಾಕು.

ಎರಡು ಸಾಲಿನ ನಮೂನೆಗೂ ಆಯಸ್ಸು ಮುಗಿಯುತ್ತ ಬಂದಿದೆ. ಕ್ರಮಸಂಖ್ಯೆಗೆ ಅಲ್ಲಿರುವುದು ಐದೇ ಸ್ಥಾನ, 99999ರ ಆಚೆಗೆ ಜಾಗವಿಲ್ಲ. 2020ರಲ್ಲಿ ಸೆಲೆಸ್‌ಟ್ರ್ಯಾಕ್ ಈ ಮಿತಿಯಿಲ್ಲದ ಹೊಸ ನಮೂನೆಗಳನ್ನು ಕೊಡಲಾರಂಭಿಸಿತು. ಸ್ಥಾನ ಎಣಿಸಿ ಓದುವ ಹಳೆಯ ಕ್ರಮವಿಧಿಗಳನ್ನು ನೆಚ್ಚಿಕೊಂಡವರು ತಮ್ಮ ತಂತ್ರಾಂಶವನ್ನು ಈಗಲೇ ಪರೀಕ್ಷಿಸಿ. ಪರೀಕ್ಷಿಸುವಾಗಲೇ ಇನ್ನೂ ಮೂರು ಸಾಲು ಸೇರಿಸಲು ಹೇಳುತ್ತೇನೆ: ಹೊಸ ಆಧಾರಕ್ಷಣ ಹಳೆಯದಕ್ಕಿಂತ ಮುಂದಿದ್ದರೆ ಮಾತ್ರ ಬದಲಿಸು, ಬದಲಿಸುವ ಮುನ್ನ ಹಳೆಯದರ ಪ್ರತಿ ಇಡು, ಪರದೆಯ ಮೇಲೆ ‘ನವೀಕರಿಸಲಾಗಿದೆ’ ಎನ್ನುವ ಬದಲು ದತ್ತಾಂಶಕ್ಕೆ ಎಷ್ಟು ದಿನ ವಯಸ್ಸಾಯಿತು ಎಂದು ತೋರಿಸು.

ಕೊಪ್ಪದ ಗೆಳೆಯರ ಗಣಕದಲ್ಲಿ ಆ ಮೂರನ್ನೂ ಸೇರಿಸಿದ್ದು ಅಂದು ತಾರಸಿಯ ಮೇಲಿದ್ದ ವಿದ್ಯಾರ್ಥಿಗಳೇ. ಹ್ಯಾಮ್‌ಸ್ಯಾಟ್ ಹೆಸರನ್ನು ಅವರು ಪಟ್ಟಿಯಿಂದ ತೆಗೆದಿಲ್ಲ. ಅದರ ಮುಂದೆ ‘2005–2014’ ಎಂದು ಬರೆದಿದ್ದಾರೆ.