ಹಾಗರಳ ಮಕ್ಕಳಿಗೆ ಯಾವ ಪಾಲು?

ಕನ್ನಡ ಬೈಬಲ್ಲಿನಲ್ಲಿ ಪೌಲನ ಪತ್ರಗಳನ್ನು ಓದುವವರಿಗೆ 'ಬಾಧ್ಯರು' ಅನ್ನೋ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ನಂಬಿದವರೆಲ್ಲ ದೇವರ ಮಕ್ಕಳು, ಮಕ್ಕಳಾದ ಮೇಲೆ ತಂದೆಯ ಆಸ್ತಿಗೆ ಬಾಧ್ಯರು ಎಂಬುದು ಅವನ ವಾದ. ಅನುವಾದಕರು 'ವಾರಸುದಾರರು' ಅಂತ ಬರೆಯಬಹುದಿತ್ತು, 'ಹಕ್ಕುದಾರರು' ಅಂತಲೂ ಬರೆಯಬಹುದಿತ್ತು. 'ಬಾಧ್ಯರು' ಎಂದರು. ಕ್ರಯಪತ್ರ, ಸಾಲಪತ್ರ ಓದಿ ಗೊತ್ತಿರುವವರಿಗೆ ಈ ಮಾತಿನ ಎರಡು ಮುಖವೂ ಗೊತ್ತು. ಆಸ್ತಿ ಸೇರಬೇಕಾದವನೂ ಬಾಧ್ಯನೇ, ಸಾಲ ತೀರಿಸಬೇಕಾದವನೂ ಬಾಧ್ಯನೇ. ದಲಿತ ಕ್ರೈಸ್ತರ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳಿ ಅಂದರೆ ಹೀಗೆ ಹೇಳಬೇಕಾಗುತ್ತದೆ: ಪ್ರಸಂಗದಲ್ಲಿ ಅವರ ಕಿವಿಗೆ ಬಿದ್ದದ್ದು ಮೊದಲ ಅರ್ಥ, ಕೈಗೆ ಬಂದದ್ದು ಎರಡನೆಯದು.

ತಮಿಳಿನ ಬಾಮಾ ಅವರ 'ಕರುಕ್ಕು' (1992) ಎಂಬ ಆತ್ಮಕಥನವನ್ನು ಸಾಮಾನ್ಯವಾಗಿ ದಲಿತ ಹೆಣ್ಣಿನ ನೋವಿನ ಕತೆಯೆಂದು ಓದಿ, ಕಣ್ಣೀರು ಹಾಕಿ, ಬದಿಗಿಡುತ್ತಾರೆ. ಅದು ನೋವಿನ ಪುಸ್ತಕ ಹೌದು. ಆದರೆ ಅದಕ್ಕಿಂತ ಮುಖ್ಯವಾಗಿ ಅದೊಂದು ಪಾಲಿನ ದಾವೆ. ಹಾಗೆ ಓದಬೇಕಾದರೆ ಮೊದಲು ಪೌಲನ ಮಾತನ್ನೇ ಸ್ವಲ್ಪ ಕೆದಕಬೇಕು.

ಪೌಲ ರೋಮನ್ ಸಾಮ್ರಾಜ್ಯದ ಪ್ರಜೆ. ದತ್ತು ತೆಗೆದುಕೊಂಡ ಮಗನಿಗೂ ಹುಟ್ಟಿದ ಮಗನಿಗೂ ಪಾಲಿನಲ್ಲಿ ಭೇದವಿಲ್ಲ ಅನ್ನೋ ಅಲ್ಲಿನ ಕಾನೂನು ಅವನಿಗೆ ಗೊತ್ತಿತ್ತು. ಅದನ್ನೇ ಹಿಡಿದು ಅನ್ಯಜನರನ್ನೂ ಅಬ್ರಹಾಮನ ವಂಶಕ್ಕೆ ಸೇರಿಸಿದ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಯೆಹೂದ್ಯ-ಗ್ರೀಕ, ಆಳು-ಒಡೆಯ, ಗಂಡು-ಹೆಣ್ಣು ಎಂಬ ಭೇದಗಳು ಕ್ರಿಸ್ತನಲ್ಲಿ ಉಳಿಯುವುದಿಲ್ಲ ಎಂದು ಸಾರಿದ. ದೊಡ್ಡ ಮಾತೇ, ಸುಳ್ಳಲ್ಲ. ನಮ್ಮ ಕೇರಿಗಳ ಗುಡಿಚರ್ಚುಗಳಲ್ಲಿ ಹೆಚ್ಚು ಓದುವುದೂ ಇದನ್ನೇ. ಆದರೆ ಅದೇ ಪತ್ರದಲ್ಲಿ ಒಂದು ಪುಟ ಮುಂದೆ ಹೋಗಿ ನೋಡಿ. ಅಬ್ರಹಾಮನಿಗೆ ಇಬ್ಬರು ಹೆಂಗಸರು. ಸಾರಳು ಮನೆಯೊಡತಿ, ಹಾಗರಳು ಐಗುಪ್ತದ ದಾಸಿ. ದಾಸಿಯನ್ನೂ ಅವಳ ಮಗನನ್ನೂ ಹೊರಗೆ ಹಾಕು, ಒಡತಿಯ ಮಗನ ಜೊತೆ ಅವನಿಗೆ ಪಾಲಿಲ್ಲ ಎಂಬ ಹಳೆಯ ಒಡಂಬಡಿಕೆಯ ಮಾತನ್ನು ಪೌಲ ತನ್ನ ವಾದಕ್ಕೆ ಆಧಾರವಾಗಿ ಎತ್ತಿಕೊಳ್ಳುತ್ತಾನೆ. ಅವನು ಹೇಳಿದ್ದು ದೃಷ್ಟಾಂತವಾಗಿ, ನಿಜವಾದ ದಾಸಿಯರ ಬಗ್ಗೆ ಅಲ್ಲ ಅಂತ ಪಂಡಿತರು ಸಮಾಧಾನ ಹೇಳುತ್ತಾರೆ. ಇರಲಿ. ಆದರೆ ದೃಷ್ಟಾಂತಕ್ಕೆ ಬೇಕಾದಾಗಲೂ ಹೊರಗೆ ದಬ್ಬಿಸಿಕೊಳ್ಳುವವಳು ದಾಸಿಯೇ ಆಗಿರಬೇಕಲ್ಲ? ಒಂದಿಷ್ಟು ರೊಟ್ಟಿ, ಒಂದು ತಿತ್ತಿ ನೀರು ಕೊಟ್ಟು ತಾಯಿ ಮಗನನ್ನು ಅಡವಿಗೆ ಅಟ್ಟಿದ ಕತೆಯನ್ನು ಒಡೆಯನ ಮನೆಯೊಳಗೆ ಕೂತು ಓದುವುದಕ್ಕೂ ಹಿತ್ತಲಲ್ಲಿ ನಿಂತು ಓದುವುದಕ್ಕೂ ವ್ಯತ್ಯಾಸವಿದೆ. ದೇವರಿಗೆ ತಾನೇ ಒಂದು ಹೆಸರಿಟ್ಟು ಕರೆದವಳು ಇದೇ ಹಾಗರಳು ಅನ್ನೋದು ಆದಿಕಾಂಡದಲ್ಲೇ ಇದೆ. ಪೌಲನ ದೃಷ್ಟಾಂತದಲ್ಲಿ ಆ ಸಂಗತಿಗೆ ಜಾಗವಿಲ್ಲ.

ಇನ್ನೊಂದು ಪಿತ್ರಾರ್ಜಿತವೂ ಈ ಧರ್ಮದಲ್ಲಿದೆ. ಅದು ಆದಾಮನ ಪಾಪ. ನೀನು ಹೊಲೆಯನಾಗಿ ಹುಟ್ಟಿದ್ದು ಪೂರ್ವಜನ್ಮದ ಕರ್ಮದಿಂದ ಅಂತ ಅಗ್ರಹಾರ ಹೇಳುತ್ತಿತ್ತು. ಮಿಷನ್ನಿಗೆ ಬಂದ ಮೇಲೆ, ನೀನು ನರಳುತ್ತಿರುವುದು ಮೂಲಪಿತನ ಪಾಪದಿಂದ ಅಂತ ಹೇಳಿಸಿಕೊಂಡ. ಬಾಬಾಸಾಹೇಬರು ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಬರೆಯುವಾಗ ಬೆರಳಿಟ್ಟದ್ದು ಇಲ್ಲಿಗೇ. ತನ್ನ ಕಷ್ಟಕ್ಕೆ ಕಾರಣ ಸುತ್ತಲಿನ ಸಮಾಜದ ಅನ್ಯಾಯವಲ್ಲ, ತನ್ನೊಳಗಿನ ಪಾಪ ಅಂತ ನಂಬಿದವನು ಆ ಅನ್ಯಾಯದ ವಿರುದ್ಧ ಏಳುವುದು ಹೇಗೆ ಎಂಬುದು ಅವರ ತಕರಾರಿನ ಸಾರ. ಮಿಷನರಿಗಳು ಶಾಲೆ ಕೊಟ್ಟರು, ಆಸ್ಪತ್ರೆ ಕೊಟ್ಟರು, ಅಕ್ಷರ ಕೊಟ್ಟರು. ಆ ಋಣವನ್ನು ಯಾರೂ ಅಲ್ಲಗಳೆಯುವುದು ಬೇಡ. ಬಾಬಾಸಾಹೇಬರೂ ಅಲ್ಲಗಳೆಯಲಿಲ್ಲ.

ಈಗ ನೆನಪಿನ ವಿಷಯ. ಕ್ರಿಸ್ತನಲ್ಲಿ ನೀನು ಹೊಸ ಸೃಷ್ಟಿ, ಹಳೆಯದನ್ನು ಮರೆತುಬಿಡು ಎಂದು ದಲಿತನಿಗೆ ಬೋಧಿಸುತ್ತಾರೆ. ಇದೇ ಬೋಧನೆ ಮಿಕ್ಕವರಿಗೆ ಆಯಿತೇ? 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಬ್ರಾಹ್ಮಣ ಸಂನ್ಯಾಸಿಯ ಹಾಗೆ ಬದುಕಿ, ಮೇಲುಜಾತಿಯವರು ಜನಿವಾರ ಜುಟ್ಟು ಇಟ್ಟುಕೊಂಡೇ ಕ್ರೈಸ್ತರಾಗಬಹುದು ಎಂದ. 1623ರಲ್ಲಿ ಪೋಪರೂ ಅದಕ್ಕೆ ಒಪ್ಪಿಗೆ ಕೊಟ್ಟರು. ಕೇರಳದ ಸಿರಿಯನ್ ಕ್ರೈಸ್ತರು ತಮ್ಮ ಪೂರ್ವಿಕರು ಸಂತ ತೋಮನಿಂದ ದೀಕ್ಷೆ ಪಡೆದ ನಂಬೂದಿರಿಗಳು ಎಂಬ ಐತಿಹ್ಯವನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮೊಣ್ ಯಾರು, ಸುದಿರ್ ಯಾರು ಅನ್ನೋದು ಮದುವೆ ಮಾತಿಗೆ ಕೂತಾಗ ಎದ್ದು ಬರುತ್ತಿದ್ದ ವಿಷಯ. ಅಂದರೆ ಮೇಲಿನವನು ತನ್ನ ಪಿತ್ರಾರ್ಜಿತವನ್ನು ತಲೆಯ ಮೇಲೆ ಹೊತ್ತುಕೊಂಡೇ ಚರ್ಚಿನೊಳಗೆ ಬರಬಹುದು. ಬಾಗಿಲಲ್ಲಿ ಬಿಟ್ಟು ಬಾ ಅಂತ ಹೇಳಿಸಿಕೊಂಡವನು ಕೇರಿಯವನೊಬ್ಬನೇ. ತಮಾಷೆಯೆಂದರೆ ಹಾಗೆ ಬಿಟ್ಟು ಬಂದವನಿಗೆ ಕೂರಲು ಬೇರೆ ಬೆಂಚು, ಹೂಳಲು ಬೇರೆ ಸ್ಮಶಾನ!

ಹೆಣ್ಣುಮಕ್ಕಳ ಪಾಡೂ ಇದಕ್ಕೆ ಹೊರತಲ್ಲ. 1916ರ ತಿರುವಾಂಕೂರು ಕ್ರೈಸ್ತ ವಾರಸಾ ಕಾಯಿದೆಯಲ್ಲಿ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲುಭಾಗ ಇಲ್ಲವೇ 5000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಅದನ್ನು ಮುರಿಯಬೇಕಾಯಿತು. ಅಷ್ಟೂ ವರ್ಷ ಕ್ರಿಸ್ತನಲ್ಲಿ ಗಂಡು ಹೆಣ್ಣು ಒಂದೇ ಅನ್ನೋ ಪ್ರಸಂಗ ಭಾನುವಾರ ತಪ್ಪದೆ ನಡೆಯುತ್ತಲೇ ಇತ್ತು.

ಅದೇ ತಿರುವಾಂಕೂರಿನಲ್ಲಿ ಈ ಮೋಸವನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವರು ಪೊಯ್ಕಯಿಲ್ ಯೋಹನ್ನಾನ್ (1879-1939). ದಲಿತ ಕುಟುಂಬದಲ್ಲಿ ಹುಟ್ಟಿ, ಮಾರ್ತೋಮಾ ಸಭೆಯಲ್ಲಿ ಉಪದೇಶಿಯಾಗಿ, ಅಲ್ಲೂ ಜಾತಿ ಕಂಡು ಬೇರೆ ಸಭೆಗೆ ಹೋಗಿ, ಅಲ್ಲೂ ಜಾತಿ ಕಂಡು ಕೊನೆಗೆ ತಮ್ಮದೇ ಪ್ರತ್ಯಕ್ಷ ರಕ್ಷಾ ದೈವ ಸಭೆಯನ್ನು ಕಟ್ಟಿದವರು. ರೋಮಿನವರಿಗೆ ಪತ್ರ ಉಂಟು, ಕೊರಿಂಥದವರಿಗೆ ಉಂಟು, ತಿರುವಾಂಕೂರಿನ ಪುಲಯರಿಗೆ ಬರೆದ ಪತ್ರ ಎಲ್ಲಿ ಅನ್ನುವುದು ಅವರ ಪ್ರಶ್ನೆಯಾಗಿತ್ತು. ಅವರು ಬೈಬಲನ್ನೇ ಸುಟ್ಟರು ಎಂದು ಅವರ ಅನುಯಾಯಿಗಳು ನೆನೆಯುತ್ತಾರೆ. ತಿರುವಾಂಕೂರಿನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ನಿಂತದ್ದು 1855ರಲ್ಲಿ. ಎತ್ತಿನ ಜೊತೆ ನೊಗಕ್ಕೆ ಕಟ್ಟಿಸಿಕೊಂಡ ಅಪ್ಪಂದಿರ, ಸಂತೆಯಲ್ಲಿ ಮಾರಾಟವಾಗಿ ಮಕ್ಕಳಿಂದ ಅಗಲಿದ ಅಮ್ಮಂದಿರ ನೆನಪು ಯೋಹನ್ನಾನರ ಸಭೆಯಲ್ಲಿ ಧರ್ಮವೇ ಆಯಿತು. ಅಬ್ರಹಾಮನ ವಂಶಾವಳಿಗೆ ಸೇರಿಸಿಕೊಳ್ಳುತ್ತೇವೆ ಅಂದಾಗ, ನಮಗೂ ಒಂದು ವಂಶಾವಳಿ ಉಂಟಲ್ಲ, ಅದರ ಗತಿಯೇನು ಅಂತ ಕೇಳಿದ ಜನ ಇವರು.

ಬಾಮಾ ಈ ಪ್ರಶ್ನೆಗೆ ಯೋಹನ್ನಾನರಂತೆ ಹೊರಗೆ ನಿಂತು ಉತ್ತರ ಕೊಡುವುದಿಲ್ಲ. ಅವರು ಹುಟ್ಟಿದ್ದೇ ಕ್ಯಾಥೊಲಿಕ್ ಪರಯ ಮನೆಯಲ್ಲಿ, 1958ರಲ್ಲಿ. ಕೆಲವು ತಲೆಮಾರುಗಳ ಹಿಂದೆಯೇ ಮತ ಬದಲಾಗಿತ್ತು, ಬೀದಿ ಮಾತ್ರ ಬದಲಾಗಿರಲಿಲ್ಲ. ಪುಸ್ತಕದ ಮೊದಲ ಭಾಗದಲ್ಲಿ ಅವರ ಪಾಟ್ಟಿ ಬರುತ್ತಾಳೆ. ನಾಯಕರ ಮನೆಯಲ್ಲಿ ಸಗಣಿ ಬಾಚುವ ಆ ಮುದುಕಿಗೆ ಮನೆಯ ಹೆಂಗಸು ಮೇಲಿನಿಂದ ನೀರು ಹುಯ್ಯುತ್ತಾಳೆ, ಪಾಟ್ಟಿ ಬೊಗಸೆಯೊಡ್ಡಿ ಕುಡಿಯುತ್ತಾಳೆ. ಉಳಿದ ಅನ್ನವನ್ನು ಅವಳ ಪಾತ್ರೆಗೆ ತಾಗದ ಹಾಗೆ ಸುರಿಯುತ್ತಾರೆ. ಹೀಗ್ಯಾಕೆ ಅಂತ ಮೊಮ್ಮಗಳು ಕೇಳಿದರೆ, ಅವರಿಲ್ಲದಿದ್ದರೆ ನಮ್ಮ ಗತಿಯೇನು ಅನ್ನುವ ಧಾಟಿ ಪಾಟ್ಟಿಯದು. ಇದೇ ಪಾಟ್ಟಿ ಪೂಸೆಗೂ ತಪ್ಪದೆ ಹೋಗುವವಳು. ಬಾಮಾ ಅವಳನ್ನು ಮುಗ್ಧೆ ಎಂದು ಮುದ್ದು ಮಾಡುವುದಿಲ್ಲ, ಗುಲಾಮಳೆಂದು ಬೈಯುವುದೂ ಇಲ್ಲ. ಅವಳ ಬಾಯಿಯ ಮಾತನ್ನು, ಕೇರಿಯ ತಮಿಳನ್ನು, ಇಡೀ ಪುಸ್ತಕದ ಭಾಷೆ ಮಾಡಿಕೊಳ್ಳುತ್ತಾರೆ. ವ್ಯಾಕರಣಪಂಡಿತರು ಮೂಗು ಮುರಿದ ಭಾಷೆ ಅದು. ನನ್ನ ದೃಷ್ಟಿಯಲ್ಲಿ 'ಕರುಕ್ಕು' ಪಡೆದುಕೊಂಡ ಮೊದಲ ಪಾಲು ಇದೇ.

ಕಾನ್ವೆಂಟಿನ ಭಾಗ ಇನ್ನೂ ಖಾರವಾಗಿದೆ. ಬಡ ಮಕ್ಕಳಿಗೆ ಕಲಿಸಬೇಕೆಂದು ಮೇಷ್ಟ್ರ ಕೆಲಸ ಬಿಟ್ಟು ಸಿಸ್ಟರ್ ಆಗಲು ಹೋದ ಹೆಂಗಸಿಗೆ ಅಲ್ಲಿ ಕಂಡದ್ದು ಸಾಹುಕಾರರ ಮಕ್ಕಳ ಶಾಲೆ, ಕಸ ಗುಡಿಸುವ ದಲಿತ ಮಕ್ಕಳು, ಬಡತನದ ವ್ರತ ಹೇಳಿಕೊಂಡು ಸುಖವಾಗಿ ಉಂಡು ಮಲಗುವ ಜೀವನ. ಏಳು ವರ್ಷಗಳ ನಂತರ ಹೊರಬಂದರು. ಇಲ್ಲಿ ಗಮನಿಸಬೇಕಾದದ್ದು ಅವರು ಏನನ್ನು ಬಿಡಲಿಲ್ಲ ಅನ್ನುವುದು. ಸಭೆಯನ್ನು ಬಿಟ್ಟರು, ಯೇಸುವನ್ನು ಬಿಡಲಿಲ್ಲ. ವಿಧೇಯತೆ, ತಾಳ್ಮೆ ಮಾತ್ರ ಕಲಿಸಿ, ಅನ್ಯಾಯದ ವಿರುದ್ಧ ಸಿಟ್ಟಾದ ಯೇಸುವನ್ನು ನಮ್ಮಿಂದ ಮುಚ್ಚಿಟ್ಟರು ಅನ್ನುವುದು ಅವರ ಆರೋಪ. ತಾಳೆಗರಿಯ ಗರಗಸದಂಥ ಅಂಚಿಗೆ ತಮಿಳಿನಲ್ಲಿ ಕರುಕ್ಕು ಅಂತಾರೆ. ಸೌದೆ ಆರಿಸುವಾಗ ಮೈ ಗೀರಿದ ಆ ಗರಿಯನ್ನೂ, ಇಬ್ರಿಯರ ಪತ್ರದಲ್ಲಿ ದೇವರ ವಾಕ್ಯವನ್ನು ಹೋಲಿಸಿರುವ ಇಬ್ಬಾಯಿ ಕತ್ತಿಯನ್ನೂ ಅವರು ಒಟ್ಟಿಗೆ ಇಡುತ್ತಾರೆ. ಒಂದು ಕೇರಿಯಿಂದ ಬಂದದ್ದು, ಇನ್ನೊಂದು ಬೈಬಲ್ಲಿನಿಂದ ಬಂದದ್ದು. ಎರಡೂ ತನ್ನ ಪಿತ್ರಾರ್ಜಿತವೇ, ಯಾವುದನ್ನೂ ಬಿಟ್ಟುಕೊಡೋಲ್ಲ ಅನ್ನುವ ಹಟ ಅದರಲ್ಲಿದೆ.

ಪುಸ್ತಕದ ಮೇಲೆ ನನಗೆ ತಕರಾರೂ ಇದೆ. ಕಾನ್ವೆಂಟಿನ ಐಶ್ವರ್ಯವನ್ನು ಬಾಮಾ ಕಣ್ಣಿಗೆ ಕಟ್ಟುವಂತೆ ತೋರಿಸುತ್ತಾರೆ, ಆದರೆ ಬರಹ ಮನಸ್ಸಿಗಾದ ಗಾಯದ ಸುತ್ತಲೇ ಹೆಚ್ಚು ಸುಳಿಯುತ್ತದೆ. ಆ ಕಟ್ಟಡ, ಜಮೀನು, ಶಾಲೆಗಳು ಯಾರ ಹೆಸರಿನಲ್ಲಿ ಬಂದವು, ಆಡಳಿತದ ಕುರ್ಚಿ ಯಾರಿಗೆ ವಂಶಪಾರಂಪರ್ಯವಾಯಿತು ಎಂಬ ಲೆಕ್ಕಕ್ಕೆ ಅಷ್ಟು ಒತ್ತಿಲ್ಲ. ಎರಡು ವರ್ಷದ ನಂತರ ಕನ್ನಡದಲ್ಲಿ ಬಂದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994) ಊರಿನ ಜಾತಿಯ ಜೊತೆ ಜಗಳಕ್ಕೆ ನಿಂತಿತು. ಬಾಮಾ ಅವರಿಗೆ ಊರಿನ ಜೊತೆಗೆ ಚರ್ಚೂ ಎದುರಾಳಿಯಾಗಿತ್ತು. ಬೆನ್ನು ಕಾಯುವವರು ಕಡಿಮೆ ಇದ್ದರು. ಕೊನೆಯ ಪುಟಗಳ ಒಂಟಿತನಕ್ಕೆ ಕಾರಣ ಅದೇ ಇರಬೇಕು.

ಚರ್ಚನ್ನು ಬಿಟ್ಟು ಸರ್ಕಾರದ ಕಡೆ ತಿರುಗಿದರೂ ಪಾಲಿನ ಪ್ರಶ್ನೆ ಹಿಂಬಾಲಿಸುತ್ತದೆ. ಧರ್ಮ ಬಿಟ್ಟವನು ಆಸ್ತಿಯ ಹಕ್ಕು ಕಳೆದುಕೊಳ್ಳಬಾರದು ಅಂತ ಬ್ರಿಟಿಷ್ ಸರ್ಕಾರ 1850ರಲ್ಲೇ ಕಾಯಿದೆ ಮಾಡಿತು. ಒಳ್ಳೆಯದೇ. ಅದು ಕಾಪಾಡಿದ್ದು ಅಪ್ಪನಿಂದ ಬರಬೇಕಾದ ಹೊಲಗದ್ದೆ ಇದ್ದವನನ್ನು. ನಮ್ಮ ಜನಕ್ಕೆ ಅಪ್ಪನಿಂದ ಬಂದದ್ದು ಅಸ್ಪೃಶ್ಯತೆ. ಅದಕ್ಕೆ ಪರಿಹಾರವಾಗಿ ಗಣರಾಜ್ಯ ಕೊಟ್ಟದ್ದು ಮೀಸಲಾತಿ. 1950ರ ರಾಷ್ಟ್ರಪತಿ ಆದೇಶದ ಮೂರನೆಯ ಪ್ಯಾರಾ, ಹಿಂದೂ ಧರ್ಮ ಬಿಟ್ಟವನು ಪರಿಶಿಷ್ಟ ಜಾತಿಯವನಲ್ಲ ಎಂದಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತರಿಗೆ, ಮುಸ್ಲಿಮರಿಗೆ ತೆರೆಯಲಿಲ್ಲ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ, ಚಮ್ಮಾರರಿಗೆ ಸರ್ಕಾರ ಉಚಿತವಾಗಿ ಕೊಟ್ಟ ಪೆಟ್ಟಿಗೆ ಅಂಗಡಿ ತನಗೂ ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋದ. ಮತಾಂತರದ ನಂತರವೂ ಜಾತಿ ಉಳಿದಿದೆ ಅಂದರೆ ಸಾಲದು, ಅದರ ಕ್ರೌರ್ಯ ಹೊಸ ಧರ್ಮದಲ್ಲೂ ಅಷ್ಟೇ ತೀವ್ರವಾಗಿದೆ ಅಂತ ರುಜುವಾತು ಮಾಡಬೇಕು ಎಂದು 1985ರಲ್ಲಿ ಕೋರ್ಟು ಅವನ ಅರ್ಜಿ ತಳ್ಳಿಹಾಕಿತು. ಅದೇ ಉಳಿ, ಅದೇ ಚರ್ಮ, ಅದೇ ರಸ್ತೆ. ರುಜುವಾತು ಇನ್ನೇನು ಬೇಕಿತ್ತೋ! ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಆ ಪ್ಯಾರಾ ತೆಗೆಯಿರಿ ಎಂದು ಶಿಫಾರಸು ಮಾಡಿತು, ತೆಗೆಯಲಿಲ್ಲ. 2022ರಲ್ಲಿ ಇದೇ ವಿಷಯಕ್ಕೆ ಬಾಲಕೃಷ್ಣನ್ ಆಯೋಗ ನೇಮಕವಾಯಿತು.

ಇಲ್ಲೊಂದು ವ್ಯಂಗ್ಯವಿದೆ. ಚರ್ಚಿನ ಹಿರಿಯರು ಡೆಲ್ಲಿಗೆ ಮನವಿ ಕೊಡುವಾಗ ನಮ್ಮಲ್ಲಿ ಜಾತಿ ಇದೆ ಅನ್ನಬೇಕು, ಪ್ರಸಂಗ ಮಾಡುವಾಗ ನಮ್ಮಲ್ಲಿ ಜಾತಿ ಇಲ್ಲ ಅನ್ನಬೇಕು. ಸರ್ಕಾರಕ್ಕೂ ಇದರಿಂದ ಅನುಕೂಲ: ನಿಮ್ಮ ಧರ್ಮದಲ್ಲೇ ಜಾತಿ ಇಲ್ಲವಂತಲ್ಲ ಅಂತ ಕೈ ತೊಳೆದುಕೊಳ್ಳುತ್ತದೆ. ಇಬ್ಬರೂ ಸಮಾನತೆಯ ಹೆಸರನ್ನೇ ಹೇಳಿ ಪಾಲು ತಪ್ಪಿಸುತ್ತಾರೆ.

ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಮತಾಂತರಗೊಂಡ ಕ್ರೈಸ್ತರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಸೇರಿಸಲಾಯಿತು. ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆ ಅದರಿಂದ ಸಿಗುವುದಿಲ್ಲ. ಹಾಗಾಗಿ ಒಬ್ಬನೇ ಮನುಷ್ಯನಿಗೆ ಎರಡು ಹೆಸರು. ಚರ್ಚಿನ ದಾಖಲೆಯಲ್ಲಿ ಜ್ಞಾನಸ್ನಾನದ ಹೆಸರು, ಶಾಲೆಯ ದಾಖಲೆಯಲ್ಲಿ ತಾತನ ಹೆಸರು. ಹಳ್ಳಿಯ ಮೇಷ್ಟ್ರುಗಳೇ, ಜೂನ್ ತಿಂಗಳಲ್ಲಿ ದಾಖಲಾತಿ ಪುಸ್ತಕ ಬಿಚ್ಚಿಕೊಂಡು ಕೂತಾಗ ನಿಮ್ಮ ಮುಂದೆ ಮಗು ಹಿಡಿದು ನಿಲ್ಲುವ ಅಪ್ಪ, ಧರ್ಮದ ಕಲಂ ಬಂದಾಗ ಒಂದು ಗಳಿಗೆ ತಡೆಯುತ್ತಾನೆ. ಏನು ಬರೆಸಿದರೂ ಒಬ್ಬ ಅಜ್ಜಿಯನ್ನೋ ಒಬ್ಬ ದೇವರನ್ನೋ ಬಿಟ್ಟುಕೊಡಬೇಕು ಅಂತ ಅವನಿಗೆ ಗೊತ್ತು.