ಕ್ರೂರಮೃಗದ ಛಾಯಾಚಿತ್ರವೂ ಭಯಾನಕ ರಸವೂ

ಜಾನ್ ಡೊಮಿನಿಸ್ ಅವರ ಚಿರತೆಯ ಚಿತ್ರವನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. 1960ರ ದಶಕದ ನಡುವಿನಲ್ಲಿ, ಅಮೆರಿಕದ ‘ಲೈಫ್’ ಪತ್ರಿಕೆಗಾಗಿ, ಆಫ್ರಿಕದ ಬೋಟ್ಸ್ವಾನಾದಲ್ಲಿ ತೆಗೆದ ಚಿತ್ರ ಅದು. ಚಿರತೆ ಎರಗಲು ಸಿದ್ಧವಾಗಿದೆ. ಅದರೆದುರಿಗೆ ಬಬೂನ್ ಜಾತಿಯ ಕೋತಿಯೊಂದು ಓಡುವುದನ್ನು ಬಿಟ್ಟು ತಿರುಗಿ ನಿಂತು, ಬಾಯನ್ನು ತೆರೆಯಬಹುದಾದಷ್ಟೂ ತೆರೆದಿದೆ. ಎರಡರ ನಡುವೆ ಒಂದು ನೆಗೆತದಷ್ಟೂ ದೂರವಿಲ್ಲ. ಮುಂದಿನ ಕ್ಷಣ ಚಿತ್ರದ ಹೊರಗೆ ಉಳಿದಿದೆ. ಚಿತ್ರದ ಬಲವೆಲ್ಲ ಆ ಹೊರಗುಳಿದ ಕ್ಷಣದಲ್ಲಿದೆ. ಭಯಾನಕ ರಸಕ್ಕೆ ಉದಾಹರಣೆ ಕೇಳುವ ವಿದ್ಯಾರ್ಥಿಗಳಿಗೆ ನಾನು ಈ ಚಿತ್ರವನ್ನು ತೋರಿಸಿದ್ದುಂಟು.

ಆದರೆ ಈ ಚಿತ್ರಕ್ಕೆ ಒಂದು ಪೂರ್ವಕಥೆಯಿದೆ, ಅದನ್ನು ಡೊಮಿನಿಸ್ ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಚಿರತೆ ಒಬ್ಬ ಬೇಟೆಗಾರನ ವಶದಲ್ಲಿದ್ದದ್ದು. ಅದನ್ನು ತಂದು ಬಬೂನ್‌ಗಳ ಗುಂಪಿನ ಕಡೆಗೆ ಬಿಟ್ಟರು. ಉಳಿದವು ಓಡಿದವು, ಒಂದು ತಿರುಗಿ ನಿಂತಿತು. ಅಂದರೆ ರಂಗಸಜ್ಜಿಕೆಯೆಲ್ಲ ಮನುಷ್ಯನದು; ಬಬೂನ್‌ನ ಭಯವೊಂದು ಮಾತ್ರ ನಟನೆಯಲ್ಲ.

ಈ ಪದ್ಧತಿ ಅವರಿಂದ ಆರಂಭವಾದದ್ದೂ ಅಲ್ಲ. ಜರ್ಮನಿಯ ಶಿಲ್ಲಿಂಗ್ಸ್ ಪೂರ್ವ ಆಫ್ರಿಕದಲ್ಲಿ ರಾತ್ರಿಯ ಹೊತ್ತು ಮಿಂಚುಬೆಳಕಿನಲ್ಲಿ ಸಿಂಹಗಳ ಚಿತ್ರ ತೆಗೆದು 1905ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಆ ಸಿಂಹಗಳನ್ನು ಕರೆತಂದದ್ದು ಗೂಟಕ್ಕೆ ಕಟ್ಟಿದ ಎತ್ತು, ಕತ್ತೆಗಳು. ಪುಸ್ತಕದ ಹೆಸರಿನಲ್ಲಿಯೇ ಮಿಂಚುಬೆಳಕಿನ ಪಕ್ಕದಲ್ಲಿ ಬಂದೂಕವೂ ಇದೆ. ಛಾಯಾಗ್ರಹಣ ಬೇಟೆಯ ಮನೆಯಲ್ಲಿಯೇ ಹುಟ್ಟಿ ಬೆಳೆದ ಕೂಸೆಂದರೆ ತಪ್ಪಾಗಲಾರದು.

ಇಲ್ಲಿ ನಮ್ಮ ಕಾವ್ಯಮೀಮಾಂಸಕನು ಎದ್ದು ಒಂದು ಪ್ರಶ್ನೆ ಕೇಳಬಹುದು. ರಂಗಸಜ್ಜಿಕೆ ದೋಷವಾಗುವುದು ಹೇಗೆ? ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಕೊರಳು ತಿರುಗಿಸಿ ನೋಡುತ್ತ ಓಡುವ ಜಿಂಕೆಯನ್ನು ಕಾಳಿದಾಸನು ಯಾವ ಕಾಡಿನಲ್ಲಿಯೂ ಕಾದು ಕುಳಿತು ಹಿಡಿದು ತರಲಿಲ್ಲವಲ್ಲ! ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಭಯಾನಕವನ್ನು ವಿವರಿಸಲು ಆರಿಸಿಕೊಂಡದ್ದು ಆ ಜಿಂಕೆಯನ್ನೇ. ಆ ಶ್ಲೋಕವನ್ನು ಕೇಳುವ ಸಹೃದಯನಿಗೆ ‘ನನಗೆ ಭಯವಾಗುತ್ತಿದೆ’ ಎಂದಾಗಲಿ ‘ಅದಕ್ಕೆ ಭಯವಾಗುತ್ತಿದೆ’ ಎಂದಾಗಲಿ ಅನ್ನಿಸುವುದಿಲ್ಲ. ದೇಶಕಾಲಗಳ ಕಟ್ಟು ಕಳಚಿ ಭಯವೇ ಕಣ್ಣ ಮುಂದೆ ಕುಣಿಯುತ್ತದೆ ಎಂಬುದು ಆತನ ಅಭಿಪ್ರಾಯ. ಆತ ಎಣಿಸುವ ಏಳು ರಸವಿಘ್ನಗಳಲ್ಲಿ ‘ನನ್ನದು, ಪರರದು’ ಎಂಬ ವಿಶೇಷದಲ್ಲಿ ಮುಳುಗಿಹೋಗುವುದೂ ಒಂದು.

ಕವಿತೆಗೆ ಈ ಬಿಡುಗಡೆ ಸುಲಭ, ಛಾಯಾಚಿತ್ರಕ್ಕೆ ಅದು ಬಹು ಕಷ್ಟ. ಛಾಯಾಚಿತ್ರ ಮೊದಲು ಸಾಕ್ಷ್ಯ, ಆಮೇಲೆ ಕಲೆ. ಇಂಥ ದಿನ, ಇಂಥ ಕಡೆ, ಇದು ನಡೆಯಿತು ಎಂದು ಅದು ಪ್ರಮಾಣ ಮಾಡಿ ಹೇಳುತ್ತದೆ. ಆ ಪ್ರಮಾಣ ಸುಳ್ಳೆಂದು ತಿಳಿದ ಗಳಿಗೆಯಿಂದ ಡೊಮಿನಿಸ್ ಅವರ ಚಿತ್ರದಲ್ಲಿ ನನಗೆ ಕಾಣುವುದು ಭಯವಲ್ಲ, ಚೌಕಟ್ಟಿನಾಚೆ ಬಾಗಿಲು ತೆರೆದ ಬೋನು. ಗೆರೆಯೊಂದೂ ಬದಲಾಗಿಲ್ಲ, ರಸ ಮಾತ್ರ ಹೋಯಿತು. ಇನ್ನೊಂದು ಮಾತು: ಕಾಳಿದಾಸನ ಜಿಂಕೆ ಸಾಯುವುದಿಲ್ಲ. ಅದು ಆಶ್ರಮದ ಮೃಗ, ಕೊಲ್ಲಬೇಡ ಎಂದು ತಪಸ್ವಿಗಳು ತಡೆಯುತ್ತಾರೆ, ರಾಜ ಬಾಣವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಸಾವಿಲ್ಲದೆಯೂ ಭಯಾನಕ ಪೂರ್ಣವಾಯಿತು.

ಈಗಿನ ಸಫಾರಿಯ ಚಿತ್ರಕಾರರಿಗೆ ಈ ಸಂಯಮ ಹಿಡಿಸದು. ಕೀನ್ಯಾದ ಮಾಸಾಯಿ ಮಾರಾಕ್ಕೆ ಹೋಗಿಬಂದ ಮಿತ್ರರೊಬ್ಬರು ತಾವು ತೆಗೆದ ನಾಲ್ಕು ನೂರು ಚಿತ್ರಗಳನ್ನು ತೋರಿಸಿ, ‘ಒಂದು ಕಿಲ್ ಸಿಗಲಿಲ್ಲ, ಹಣ ದಂಡ’ ಎಂದು ಪೇಚಾಡಿಕೊಂಡರು. ಅವುಗಳಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತ ಒಂದು ಕತ್ತೆಕಿರುಬದ ಚಿತ್ರ ನನಗೆ ಬಹಳ ಮೆಚ್ಚಿಕೆಯಾಯಿತು; ಅವರು ಅದನ್ನು ಅಳಿಸಬೇಕೆಂದಿದ್ದರು. ಕತ್ತೆಕಿರುಬಕ್ಕೆ ಕ್ಯಾಮೆರಾ ಮಾಡಿದಷ್ಟು ಅನ್ಯಾಯವನ್ನು ಯಾವ ಕಥೆಗಾರನೂ ಮಾಡಿಲ್ಲ. ಬೆಳಗಿನ ಚಿತ್ರದಲ್ಲಿ ಸಿಂಹ ತಿನ್ನುತ್ತಿರುತ್ತದೆ, ಕತ್ತೆಕಿರುಬಗಳು ಸುತ್ತ ಹೊಂಚುತ್ತಿರುತ್ತವೆ. ‘ಕಳ್ಳರು’ ಎಂದು ಅಡಿಬರಹ. ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಟಾಂಜಾನಿಯಾದ ಙೊರೊಙೊರೊದಲ್ಲಿ ರಾತ್ರಿಯೆಲ್ಲ ಅವುಗಳ ಬೆನ್ನು ಹತ್ತಿ ನೋಡಿದಾಗ ಕಂಡದ್ದೇ ಬೇರೆ. ಅಲ್ಲಿ ಎಷ್ಟೋ ಸಲ ಕತ್ತಲೆಯಲ್ಲಿ ಬೇಟೆಯಾಡಿದ್ದು ಕತ್ತೆಕಿರುಬಗಳು, ಕಸಿದುಕೊಂಡದ್ದು ಮೃಗರಾಜ. ಚಿತ್ರ ಸುಳ್ಳು ಹೇಳಿರಲಿಲ್ಲ. ಸೂರ್ಯೋದಯದ ಮೇಲಿನದನ್ನು ಮಾತ್ರ ಹೇಳಿತ್ತು.

ಚಿತ್ರದ ಹಂಬಲಕ್ಕೆ ಬೆಲೆ ತೆರುವುದು ಚಿತ್ರದಲ್ಲಿರುವ ಪ್ರಾಣಿಯೇ. ಚೀತಾ ಬಹುಮಟ್ಟಿಗೆ ಹಗಲು ಬೇಟೆಯಾಡುವ ಮೃಗವಾದ್ದರಿಂದ ವಾಹನಗಳು ಅದನ್ನು ಮುತ್ತಿಕೊಳ್ಳುತ್ತವೆ. ಮಾಸಾಯಿ ಮಾರಾದ ಚೀತಾಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದಂತೆ, ಪ್ರವಾಸಿಗಳ ದಟ್ಟಣೆ ಕಡಮೆಯಿರುವೆಡೆ ತಾಯಿ ಚೀತಾ ಒಂದು ಸೂಲಿಗೆ ಸರಾಸರಿ 2.3 ಮರಿಗಳನ್ನು ದೊಡ್ಡವಾಗುವವರೆಗೆ ಉಳಿಸಿಕೊಳ್ಳುತ್ತದೆ. ದಟ್ಟಣೆ ಹೆಚ್ಚಿರುವೆಡೆ 0.2. ಈ ಅಂಕಿಗಳನ್ನು ಓದಿದ ಮೇಲೆ, ಓಡುವ ಚೀತಾದ ಸುಂದರ ಚಿತ್ರದ ಹಿಂದೆ ಎಷ್ಟು ಜೀಪುಗಳು ನಿಂತಿದ್ದವು ಎಂದು ಕೇಳುವುದೂ ವಿಮರ್ಶೆಯ ಕೆಲಸವೇ ಎಂದು ನನಗೆ ತೋರುತ್ತದೆ.

ಬೇರೆ ದಾರಿಯೂ ಇದೆ. ಮೈಕೆಲ್ ನಿಕ್ ನಿಕಲ್ಸ್ ಅವರು ಸೆರೆಂಗೆಟಿಯಲ್ಲಿ ‘ವುಂಬಿ’ ಎಂಬ ಸಿಂಹಗಳ ಹಿಂಡನ್ನು ಸುಮಾರು ಆರು ತಿಂಗಳು ಹಿಂಬಾಲಿಸಿ ತೆಗೆದ ಚಿತ್ರಕ್ಕೆ 2014ರಲ್ಲಿ ಲಂಡನ್ನಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯ ಶ್ರೇಷ್ಠ ಬಹುಮಾನ ಬಂತು. ಅದರಲ್ಲಿ ರಕ್ತವಿಲ್ಲ, ಓಟವಿಲ್ಲ. ಐದು ಸಿಂಹಿಣಿಗಳು ಮರಿಗಳೊಡನೆ ಬಂಡೆಯ ಮೇಲೆ ಮಲಗಿವೆ, ಹಿಂದೆ ಬಯಲು ಮತ್ತು ಆಕಾಶ. ಅತಿರಕ್ತ ಕಿರಣಗಳಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರವಾದ್ದರಿಂದ ಇದು ನಿನ್ನೆಯದೋ, ಸಾವಿರ ವರ್ಷಗಳ ಹಿಂದಿನದೋ ತಿಳಿಯದು. ಅಭಿನವಗುಪ್ತ ಹೇಳಿದ ದೇಶಕಾಲಗಳ ಕಟ್ಟು ಇಲ್ಲಿ ನಿಜವಾಗಿ ಸಡಿಲವಾಗಿದೆ. ಸ್ವಲ್ಪ ಹೊತ್ತಿನ ಮುಂಚೆ ಇವೇ ಸಿಂಹಿಣಿಗಳು ಹಿಂಡಿನ ಗಂಡು ಸಿಂಹವೊಂದನ್ನು ಮೇಲೆ ಬಿದ್ದು ಓಡಿಸಿದ್ದವಂತೆ. ಅದು ತಿಳಿದಾಗ ಮಲಗಿದ ಮೈಗಳೊಳಗಿನ ಬಿಗಿ ಕಣ್ಣಿಗೆ ಬೀಳುತ್ತದೆ.

ಕೆಲವು ತಿಂಗಳ ಮೇಲೆ ಆ ಹಿಂಡು ಉದ್ಯಾನದ ಗಡಿ ದಾಟಿ ಹೊರಗೆ ಹೋಯಿತು. ಮೂರು ಸಿಂಹಿಣಿಗಳು ಹತವಾದವು. ಇದೂ ಚಿತ್ರದ ಹೊರಗಿನ ಸಂಗತಿಯೇ, ಬೋನಿನ ಬಾಗಿಲಿನ ಹಾಗೆ. ಆದರೆ ಇದನ್ನು ತಿಳಿದ ಮೇಲೆ ಚಿತ್ರ ಕೆಡಲಿಲ್ಲ. ಐದರಲ್ಲಿ ಆ ಮೂರು ಯಾವುವೋ ಎಂದು ನಾನು ಮತ್ತೆ ಮತ್ತೆ ನೋಡುತ್ತೇನೆ; ಒಂದೊಂದು ಮುಖವನ್ನೂ ಬೇರೆ ಬೇರೆಯಾಗಿ ನೋಡುವುದನ್ನು ಕಲಿತದ್ದು ಹಾಗೆ.